ಸಾಕು ಎನ್ನುವವರು ಯಾರು?

ಪುಣೆ, ಮುಂಬೈಯ ನಮ್ಮ ಕನ್ನಡ ಬಳಗಗಳಲ್ಲಿ ಈಚೆಗೆ ಕೀನ್ಯಾ ಪ್ರವಾಸದ ಮಾತು ಹೆಚ್ಚಾಗಿದೆ. ಮೊದಲು ದುಬೈ, ಸಿಂಗಾಪುರ ಎನ್ನುತ್ತಿದ್ದವರು ಈಗ ಮಸಾಯಿ ಮಾರಾ ಎನ್ನುತ್ತಾರೆ. ಮುಂಬೈಯಿಂದ ನೈರೋಬಿಗೆ ನೇರ ವಿಮಾನವಿದೆ, ಆರು ಗಂಟೆಯ ಆಸುಪಾಸಿನ ದಾರಿ. ಹೊರಡುವವರು ಹೋಗಿಬಂದವರಿಗೆ ಫೋನ್ ಮಾಡುತ್ತಾರೆ. ಮೊದಲ ಪ್ರಶ್ನೆ, "ವೆಜ್ ಊಟ ಸಿಗುತ್ತಾ?" ಎರಡನೆಯದು, "ಕಾಡಲ್ಲಿ ಕರೆಂಟ್ ಇರುತ್ತಾ, ಕ್ಯಾಮೆರಾ ಚಾರ್ಜ್ ಮಾಡೋದು ಹೇಗೆ?" ಮೂರನೆಯದು, "ಅಷ್ಟೊಂದು ಫೋಟೋ ಎಲ್ಲಿ ಇಟ್ಕೊಳ್ಳೋದು?" ಸಿಂಹ ಕಾಣಿಸುತ್ತಾ ಎಂಬುದು ನಾಲ್ಕನೆಯದಾಗಿ ಬಂದರೆ ಬಂತು.

ಈ ಪ್ರಶ್ನೆಗಳನ್ನು ಕೇಳಿ ನಗುವವರಿದ್ದಾರೆ. ನನಗೇನೂ ನಗು ಬರುವುದಿಲ್ಲ. ಸಂಬಳದಲ್ಲಿ ನಾಲ್ಕೈದು ವರ್ಷ ಉಳಿಸಿ, ರಜೆ ಹೊಂದಿಸಿ, ಜೀವಮಾನದಲ್ಲಿ ಒಮ್ಮೆ ಹೋಗುವ ಜಾಗ ಅದು. ಅಲ್ಲಿ ಬ್ಯಾಟರಿ ಸತ್ತು ಕ್ಯಾಮೆರಾ ಕೈಕೊಟ್ಟರೆ ಸಂಕಟವಾಗುವುದು ಸಹಜ. ಅದಕ್ಕಿಂತ ಮುಖ್ಯವಾಗಿ, ಈ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳ ಒಳಗೇ ಬಹಳ ಹಳೆಯ ಇನ್ನೊಂದು ಪ್ರಶ್ನೆ ಕೂತಿದೆ. ಎಷ್ಟು ಬೇಕು, ಎಲ್ಲಿಗೆ ಸಾಕು? ಕೇಳಿದ್ದಕ್ಕೆ ಮೊದಲು ಉತ್ತರ ಹೇಳಿ, ಆಮೇಲೆ ಅಲ್ಲಿಗೆ ಬರುತ್ತೇನೆ.

ಕರೆಂಟ್ ಇರುತ್ತದೆ, ಆದರೆ ಮನೆಯಲ್ಲಿ ಇದ್ದ ಹಾಗಲ್ಲ. ಕೀನ್ಯಾದ ವಿದ್ಯುತ್ತು 240 ವೋಲ್ಟ್, 50 ಹರ್ಟ್ಸ್. ನಮ್ಮ 230ಕ್ಕೆ ಹತ್ತಿರವಾದ್ದರಿಂದ ಇಲ್ಲಿಯ ಚಾರ್ಜರುಗಳು ಅಲ್ಲಿಯೂ ನಡೆಯುತ್ತವೆ. ಬೇರೆಯಾಗಿರುವುದು ಗೋಡೆಯ ಸಾಕೆಟ್ ಮಾತ್ರ. ಬ್ರಿಟಿಷರ ಕಾಲದಿಂದ ಬಂದ ಚಪ್ಪಟೆ ಮೂರು ಪಿನ್ನಿನದು ಅದು, ಒಂದು ಅಡಾಪ್ಟರ್ ಒಯ್ದರಾಯಿತು. ಮಾರಾದ ಒಳಗೂ ಅಂಚಿನಲ್ಲೂ ಇರುವ ಅನೇಕ ಕ್ಯಾಂಪುಗಳಿಗೆ ಸರ್ಕಾರಿ ಲೈನ್ ಇಲ್ಲ. ಸೋಲಾರ್ ಫಲಕ ಮತ್ತು ದೊಡ್ಡ ಬ್ಯಾಟರಿ, ಇಲ್ಲವೇ ಬೆಳಗ್ಗೆ ಸಂಜೆ ಕೆಲವೇ ಗಂಟೆ ಓಡುವ ಜನರೇಟರ್. ಕೆಲವೆಡೆ ಮಲಗುವ ಟೆಂಟಿನಲ್ಲಿ ದೀಪ ಮಾತ್ರ ಉರಿಯುತ್ತದೆ. ಚಾರ್ಜ್ ಮಾಡಬೇಕಾದರೆ ಊಟದ ಟೆಂಟಿಗೆ ಬರಬೇಕು. ಹೇರ್ ಡ್ರೈಯರು, ನೀರು ಕಾಯಿಸುವ ಕೆಟಲು ಹಚ್ಚಬೇಡಿ ಎಂದು ಮೊದಲೇ ಹೇಳುತ್ತಾರೆ. ಓಡುವ ಸಫಾರಿ ಗಾಡಿಯ 12 ವೋಲ್ಟ್ ಸಾಕೆಟ್ಟಿನಿಂದಲೂ ಚಾರ್ಜ್ ಮಾಡಿಕೊಳ್ಳಬಹುದು. ಪವರ್ ಬ್ಯಾಂಕನ್ನೂ ಬಿಡಿ ಬ್ಯಾಟರಿಗಳನ್ನೂ ವಿಮಾನದಲ್ಲಿ ಚೆಕ್-ಇನ್ ಸಾಮಾನಿನೊಳಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. ಅನುಮತಿ ಕೇಳದೆ ಒಯ್ಯಬಹುದಾದ ಮಿತಿ 100 ವ್ಯಾಟ್-ಅವರ್. ಮಾಮೂಲಿ 20,000 ಎಂಎಎಚ್‌ನ ಪವರ್ ಬ್ಯಾಂಕ್ ಅಂದರೆ 74 ವ್ಯಾಟ್-ಅವರ್ ಆದ್ದರಿಂದ ತೊಂದರೆಯಿಲ್ಲ. ದೂಳು ವಿಪರೀತ. ಕೀನ್ಯಾ 2017ರ ಆಗಸ್ಟಿನಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ, ಹಾಗಾಗಿ ಸಲಕರಣೆಗಳನ್ನು ಸುತ್ತಿಡಲು ಬಟ್ಟೆಯ ಚೀಲವೇ ವಾಸಿ.

ಇನ್ನು ಫೋಟೋ ಇಡುವ ವಿಚಾರ. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ ಹೇಳಿಕೊಟ್ಟ 3-2-1 ಎಂಬ ಸೂತ್ರವನ್ನು ಈಗ ಎಲ್ಲರೂ ಬಳಸುತ್ತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಮನೆಯಲ್ಲಿ ಆ ಬೇರೆ ಜಾಗ ಎಂದರೆ ಕ್ಲೌಡ್. ಮಾರಾದ ಹುಲ್ಲುಗಾವಲಿನಲ್ಲಿ ದಿನಕ್ಕೆ ಹತ್ತಾರು ಜೀಬಿ ಏರಿಸುವಷ್ಟು ನೆಟ್‌ವರ್ಕನ್ನು ನಂಬಿಕೊಳ್ಳುವಂತಿಲ್ಲ. ಆದ್ದರಿಂದ ಮೆಮೊರಿ ಕಾರ್ಡನ್ನು ಅಳಿಸದೆ ಹಾಗೇ ಇಟ್ಟುಕೊಂಡು, ರಾತ್ರಿ ಅದರ ನಕಲನ್ನು ಪುಟ್ಟ ಎಸ್‌ಎಸ್‌ಡಿಗೆ ಹಾಕಿ, ಕಾರ್ಡು ಒಬ್ಬರ ಚೀಲದಲ್ಲಿ, ಎಸ್‌ಎಸ್‌ಡಿ ಇನ್ನೊಬ್ಬರ ಚೀಲದಲ್ಲಿ ಇದ್ದರೆ ಆಯಿತು. ಗಂಡ ಹೆಂಡತಿ ಹೋಗಿದ್ದರೆ ಇಬ್ಬರ ಚೀಲ ಬೇರೆಯಾಗಿರಲಿ.

ಇಷ್ಟರಲ್ಲಿ ಫೋನಿನ ಮಾತುಕತೆ ಮುಗಿಯುತ್ತದೆ. ಸಮಸ್ಯೆ ಇತ್ತು, ನಾಲ್ಕು ಸಾಮಾನು ಕೊಂಡರೆ ಬಗೆಹರಿಯಿತು. ಆದರೆ ಈ ಸಾಮಾನುಗಳು ಬಗೆಹರಿಸಿದ್ದು ಯಾವುದನ್ನು ಎಂದು ನೋಡಿದರೆ ಕೊಂಚ ಯೋಚನೆಯಾಗುತ್ತದೆ.

ಈಗಿನ ಕ್ಯಾಮೆರಾಗಳು ಸೆಕೆಂಡಿಗೆ 20 ಚಿತ್ರ ತೆಗೆಯಬಲ್ಲವು. ಒಂದು ಚೀತಾ ಐದು ಸೆಕೆಂಡು ಓಡಿದರೆ ನೂರು ಚಿತ್ರ. ಕಚ್ಚಾ ರೂಪದಲ್ಲಿ ಒಂದೊಂದಕ್ಕೆ 30 ಎಂಬಿ ಎಂದುಕೊಂಡರೂ ಮೂರು ಜೀಬಿ. ದಿನಕ್ಕೆ ಎರಡು ಸಾವಿರ ಚಿತ್ರವಾಗುವುದು ಅತಿಶಯವೇನಲ್ಲ. ಆರು ದಿನಕ್ಕೆ ಹನ್ನೆರಡು ಸಾವಿರ ಚಿತ್ರ, 360 ಜೀಬಿ. ಒಂದು ಚಿತ್ರವನ್ನು ಹತ್ತೇ ಸೆಕೆಂಡು ನೋಡುತ್ತೇವೆಂದರೂ ಎಲ್ಲವನ್ನೂ ಒಮ್ಮೆ ನೋಡಿ ಮುಗಿಸಲು ಮೂವತ್ತಮೂರು ಗಂಟೆ ಬೇಕು. ಪುಣೆಯ ಹಿಂಜೆವಾಡಿಗೋ ಮುಂಬೈಯ ಅಂಧೇರಿಗೋ ದಿನಾ ಹೋಗಿಬರುವ ಯಾರಿಗೆ ಅಷ್ಟು ಪುರುಸೊತ್ತಿದೆ?

ಫಿಲಂ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ. ಇಪ್ಪತ್ತು ರೋಲು ಒಯ್ದರೂ 720. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಮುಂತಾದವರು ನಮ್ಮ ಕಾಡುಗಳಲ್ಲಿ ಕೆಲಸ ಮಾಡಿದ್ದು ಆ ಲೆಕ್ಕದಲ್ಲಿ. ಅವರು ನಮಗಿಂತ ಸಂಯಮಿಗಳು ಎಂದು ಹೊಗಳಲು ಈ ಮಾತು ಹೇಳುತ್ತಿಲ್ಲ. ಅವರ ಕೈಯಲ್ಲಿದ್ದ ಪೆಟ್ಟಿಗೆಯೇ ಅವರಿಗೆ ಮಿತಿ ಹಾಕುತ್ತಿತ್ತು ಎಂದಷ್ಟೇ ಹೇಳುತ್ತಿದ್ದೇನೆ. ಮೂವತ್ತೈದನೆಯ ಚಿತ್ರವಾದ ಮೇಲೆ ಯಾರಿಗೇ ಆದರೂ ಕೈ ತಡೆಯುತ್ತದೆ. ರೋಲು ಮುಗಿದರೆ ಕಣ್ಣಿನಿಂದ ನೋಡುವುದು, ಇಲ್ಲವೇ ಹೊರಡುವುದು.

ಚಾರ್ಜು ಮತ್ತು ಜಾಗ, ಇವೆರಡೂ ನಮಗಿದ್ದ ಕೊನೆಯ ಯಾಂತ್ರಿಕ ಮಿತಿಗಳು. ಪವರ್ ಬ್ಯಾಂಕು, ನಾಲ್ಕು ಬ್ಯಾಟರಿ, ಎರಡು ಟೀಬಿಯ ಎಸ್‌ಎಸ್‌ಡಿ ಬಂದ ಮೇಲೆ ಅವೂ ಹೋದವು. ಇನ್ನು ಯಂತ್ರ ನಮಗೆ ಸಾಕು ಎಂದು ಹೇಳುವುದಿಲ್ಲ. ಹಾಗಿದ್ದರೆ ಹೇಳುವವರು ಯಾರು?

ಈ ಪ್ರಶ್ನೆ ಕನ್ನಡಿಗರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ನಮ್ಮೆಲ್ಲರಿಗೂ ಗೊತ್ತು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಸಂತೋಷಪಡಲಿಲ್ಲ. ನಮಗೆ ಇಷ್ಟು ಯಾಕೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದಳು. ಕಥೆಯಲ್ಲಿ ಗಮನಿಸಬೇಕಾದದ್ದು ಒಂದಿದೆ. ಮಾರಯ್ಯ ಕದ್ದಿರಲಿಲ್ಲ, ಯಾರನ್ನೂ ಬೇಡಿರಲಿಲ್ಲ. ಚೆಲ್ಲಿದ್ದನ್ನೇ ಆಯ್ದಿದ್ದ. ತಪ್ಪು ತಂದ ರೀತಿಯಲ್ಲಿರಲಿಲ್ಲ, ತಂದ ಅಳತೆಯಲ್ಲಿತ್ತು. ಸಾಕು ಎನ್ನುವ ಮಾತು ಹೊರಗಿನ ಕಾವಲುಗಾರನಿಂದ ಬರಲಿಲ್ಲ, ಮನೆಯೊಳಗಿಂದ ಬಂತು.

ಇಲ್ಲಿ ಯಾರಾದರೂ ತಡೆದು ಕೇಳಬಹುದು, ಕೇಳಲೇಬೇಕು. ಅಕ್ಕಿಯ ಮಾತು ಬೇರೆ, ಫೋಟೋದ ಮಾತು ಬೇರೆ. ನಾನು ಹೆಚ್ಚು ಅಕ್ಕಿ ಆಯ್ದರೆ ಇನ್ನೊಬ್ಬರಿಗೆ ಅಷ್ಟು ಕಡಿಮೆ. ನಾನು ನೂರರ ಬದಲು ಸಾವಿರ ಚಿತ್ರ ತೆಗೆದರೆ ಸಿಂಹದ ಒಂದು ಕೂದಲೂ ಉದುರುವುದಿಲ್ಲ. ಹಾರ್ಡ್ ಡಿಸ್ಕ್ ನನ್ನದು, ದುಡ್ಡು ನನ್ನದು, ಇದರಲ್ಲಿ ನೀತಿ ಅನೀತಿ ಎಲ್ಲಿಂದ ಬಂತು?

ಬಲವಾದ ಆಕ್ಷೇಪ ಇದು. ಇತಿಹಾಸವೂ ಇದರ ಪರವಾಗಿದೆ. ಸಫಾರಿ ಎಂಬುದು ಸ್ವಾಹಿಲಿಯಲ್ಲಿ ಪ್ರಯಾಣ ಎಂಬ ಅರ್ಥದ ಪದ. ಮೂಲ ಅರಬ್ಬಿಯ ಸಫರ್, ನಾವು ಹಿಂದಿ ಹಾಡುಗಳಲ್ಲಿ ಕೇಳುವ ಅದೇ ಸಫರ್. ವಸಾಹತು ಕಾಲದಲ್ಲಿ ಬಿಳಿಯರ ಬಾಯಲ್ಲಿ ಅದು ಬೇಟೆಯ ಪ್ರಯಾಣವಾಯಿತು. ಕೀನ್ಯಾ 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಅದೇ ವರ್ಷ ಬಂದ ಛಾಯಾಗ್ರಹಣದ ಕುರಿತ ತಮ್ಮ ಪುಸ್ತಕದಲ್ಲಿ ಸೂಸನ್ ಸೊಂಟಾಗ್, ಸಫಾರಿಯಲ್ಲಿ ಬಂದೂಕಿನ ಜಾಗಕ್ಕೆ ಕ್ಯಾಮೆರಾ ಬಂದದ್ದನ್ನು ಗುರುತಿಸಿದ್ದರು. ನಮ್ಮ ಆಡುಮಾತಿನಲ್ಲೂ ಬೇಟೆಯ ವಾಸನೆ ಉಳಿದಿದೆ, "ಫೋಟೋ ಹೊಡೆಯೋದು" ಎನ್ನುತ್ತೇವೆ. ಹೊಡೆದರೂ ಪ್ರಾಣಿ ಸಾಯುವುದಿಲ್ಲ. ಬಂದೂಕಿನವನು ತೆಗೆದುಕೊಂಡು ಹೋಗುತ್ತಿದ್ದ, ಕ್ಯಾಮೆರಾದವನು ಏನನ್ನೂ ತೆಗೆದುಕೊಳ್ಳುವುದಿಲ್ಲ. ಹಾಗೆಂದು ನಾವು ನಂಬಿದ್ದೇವೆ.

ಆ ನಂಬಿಕೆಯನ್ನು ಮಾರಾದ ಚೀತಾಗಳ ಎದುರು ಇಟ್ಟು ನೋಡಬೇಕು. ಫೆಮ್ಕೆ ಬ್ರೂಖೌಸ್ ಎಂಬ ಸಂಶೋಧಕಿ ಅಲ್ಲಿಯ ತಾಯಿ ಚೀತಾಗಳನ್ನು ಹಲವು ವರ್ಷ ಅನುಸರಿಸಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರವಾಸಿಗರು ಕಡಿಮೆ ಇರುವ ಕಡೆ ಒಂದು ತಾಯಿ ಸರಾಸರಿ 2.3 ಮರಿಗಳನ್ನು ಸ್ವತಂತ್ರವಾಗಿ ಬದುಕುವ ವಯಸ್ಸಿಗೆ ಮುಟ್ಟಿಸುತ್ತಿತ್ತು. ಪ್ರವಾಸಿಗರ ದಟ್ಟಣೆ ಇರುವ ಕಡೆ 0.2. ಸರಾಸರಿಯನ್ನು ಮನುಷ್ಯರ ಲೆಕ್ಕಕ್ಕೆ ತಂದು ಹೇಳುವುದಾದರೆ, ಅಲ್ಲಿ ಹತ್ತು ತಾಯಂದಿರಿಗೆ ಇಪ್ಪತ್ತಮೂರು ಮರಿ ಉಳಿದರೆ ಇಲ್ಲಿ ಹತ್ತು ತಾಯಂದಿರಿಗೆ ಎರಡು. ಯಾವ ಪ್ರವಾಸಿಯೂ ಮರಿಯನ್ನು ಕೊಂದದ್ದಕ್ಕೆ ಸಾಕ್ಷ್ಯವಿಲ್ಲ. ಚೀತಾ ಹೆಚ್ಚಾಗಿ ಹಗಲಲ್ಲೇ ಬೇಟೆಯಾಡುವ ಪ್ರಾಣಿ, ನಾವು ನೋಡಲು ಹೋಗುವುದೂ ಹಗಲಲ್ಲೇ. ಸುತ್ತ ಗಾಡಿಗಳು ನಿಂತರೆ ಅದರ ನಡವಳಿಕೆ ಬದಲಾಗುತ್ತದೆ, ಬೇಟೆ ಕೈತಪ್ಪುತ್ತದೆ, ಮರಿಗಳಿಗೆ ಹಸಿವು. ಕಾರಣ ಬಹುಮಟ್ಟಿಗೆ ಇದೇ ಇರಬೇಕೆಂದು ತಿಳಿದವರ ಅಂದಾಜು.

ಈಗ ಮತ್ತೆ ಆಕ್ಷೇಪಕ್ಕೆ ಬನ್ನಿ. ಒಂದು ಚಿತ್ರ ಚೀತಾದಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲ, ನಿಜ. ಕಿತ್ತುಕೊಳ್ಳುವುದು ಆ ಚಿತ್ರಕ್ಕಾಗಿ ನಿಂತ ಗಾಡಿ, ನಿಂತ ಹೊತ್ತು, ಇನ್ನೊಂದು ಹತ್ತು ಅಡಿ ಹತ್ತಿರ ಹೋದ ಚಕ್ರ. ಕಾರ್ಡು ತುಂಬುವುದಿಲ್ಲ, ಬ್ಯಾಟರಿ ಮುಗಿಯುವುದಿಲ್ಲ, ಆದ್ದರಿಂದ ಗಾಡಿ ಕದಲುವುದಿಲ್ಲ. ಹುಲ್ಲಿನಲ್ಲಿ ಮಲಗಿದ ಚೀತಾದ ಇನ್ನೂರು ಚಿತ್ರ ಆಗಲೇ ಕಾರ್ಡಿನಲ್ಲಿದ್ದರೂ, ಅದು ಏಳಬಹುದು, ಆಕಳಿಸಬಹುದು, ಓಡಬಹುದು ಎಂದು ಕಾಯುತ್ತೇವೆ. ಅದು ಏಳದೆ ಇರುವುದು ನಾವು ಕಾಯುತ್ತಿರುವ ಕಾರಣಕ್ಕೇ ಇರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ. ಜಾಗ ನಮ್ಮ ಹಾರ್ಡ್ ಡಿಸ್ಕಿನಲ್ಲಿ ಹೆಚ್ಚಾದಷ್ಟೂ ಅದರ ಹುಲ್ಲುಗಾವಲಿನಲ್ಲಿ ಕಡಿಮೆಯಾಯಿತು. ಅಕ್ಕಿಯ ಲೆಕ್ಕ ಇಲ್ಲಿಗೂ ಬಂತು.

ಕನ್ನಡದಲ್ಲಿ ಸಾಕು ಎಂಬುದಕ್ಕೆ ಎರಡು ಅರ್ಥ. ಒಂದು, ಇಷ್ಟೇ ಇರಲಿ ಎಂಬುದು. ಇನ್ನೊಂದು, ಮರಿಯನ್ನು ಸಾಕು, ಮಗುವನ್ನು ಸಾಕು ಎನ್ನುವಾಗಿನದು. ಎರಡಕ್ಕೂ ಬೇರು ಒಂದೇ ಎಂದು ನಾನು ವಾದಿಸಲಾರೆ. ಮಾರಾದಲ್ಲಿ ಮಾತ್ರ ನಾವು ಮೊದಲನೆಯದನ್ನು ಹೇಳಿದರೆ ಆ ತಾಯಿಗೆ ಎರಡನೆಯದು ಸಾಧ್ಯ.

ಹಾಗಾದರೆ ಕಡಿಮೆ ಫೋಟೋ ತೆಗೆಯುವುದೇ ಒಳ್ಳೆಯತನವೋ? ಅಷ್ಟು ಸುಲಭವಾಗಿ ಹೇಳುವಂತಿಲ್ಲ. ಎದುರಿನ ಉದಾಹರಣೆಯೂ ಕೀನ್ಯಾದ್ದೇ. ಗ್ರೇವಿ ಜೀಬ್ರಾ ಎಂಬ ಅಳಿವಿನ ಅಂಚಿನ ಪ್ರಾಣಿ ಉತ್ತರ ಕೀನ್ಯಾದಲ್ಲಿದೆ, ತೆಳುವಾದ ಒತ್ತೊತ್ತು ಪಟ್ಟೆಯದು. ನಮ್ಮ ಬೆರಳ ಗುರುತಿನಂತೆ ಒಂದೊಂದರ ಪಟ್ಟೆಯೂ ಬೇರೆ. 2016ರ ಜನವರಿಯಲ್ಲಿ ಎರಡು ದಿನ, ನೂರಕ್ಕೂ ಹೆಚ್ಚು ತಂಡಗಳು ಜಿಪಿಎಸ್ ಇರುವ ಕ್ಯಾಮೆರಾ ಹಿಡಿದು ಕಂಡ ಕಂಡ ಗ್ರೇವಿ ಜೀಬ್ರಾದ ಬಲಮಗ್ಗುಲಿನ ಚಿತ್ರ ತೆಗೆದರು. ಶಾಲೆಯ ಮಕ್ಕಳಿದ್ದರು, ಸಾಮಾನ್ಯ ಜನರಿದ್ದರು. ಒಟ್ಟು ಸುಮಾರು 40,000 ಚಿತ್ರ. ಕಂಪ್ಯೂಟರ್ ಪಟ್ಟೆಗಳನ್ನು ಹೋಲಿಸಿ ನೋಡಿತು, ದೇಶದಲ್ಲಿ ಇರುವುದು ಸುಮಾರು 2,350 ಎಂಬ ಲೆಕ್ಕ ಸಿಕ್ಕಿತು. ಒಂದೇ ಮಗ್ಗುಲಿನ, ಕಲೆಯ ಹಂಗಿಲ್ಲದ, ಯಾರೂ ಗೋಡೆಗೆ ತೂಗುಹಾಕದ ನಲವತ್ತು ಸಾವಿರ ಚಿತ್ರ. ನಮ್ಮ ಹನ್ನೆರಡು ಸಾವಿರಕ್ಕಿಂತ ಹೆಚ್ಚು. ಆದರೂ ಅದನ್ನು ಅತಿಯಾಯಿತು ಎನ್ನಲು ಮನಸ್ಸು ಬರುವುದಿಲ್ಲ.

ವ್ಯತ್ಯಾಸ ಎಣಿಕೆಯಲ್ಲಿಲ್ಲ. ಆ ಚಿತ್ರಗಳು ತೆಗೆದವರ ಪೆಟ್ಟಿಗೆಯಲ್ಲಿ ಉಳಿಯಲಿಲ್ಲ, ಜೀಬ್ರಾದ ಕೆಲಸಕ್ಕೆ ಹೋದವು. ಮಾರಯ್ಯ ಅಕ್ಕಿ ಆಯ್ದದ್ದೂ ತಾನೊಬ್ಬನೇ ಉಣ್ಣಲಿಕ್ಕಲ್ಲ, ದಾಸೋಹಕ್ಕೆ. ದಾಸೋಹದ ತರ್ಕವೇ ಹಾಗೆ: ಕೂಡಿಸುವುದು ತಪ್ಪಲ್ಲ, ಕೂಡಿಸಿದ್ದು ಮುಂದಕ್ಕೆ ಹೋಗಬೇಕು, ಕೂಡಿಸುವಾಗಲೂ ಅಳತೆ ತಪ್ಪಬಾರದು.

ಅದೇ ಜಿಪಿಎಸ್ಸಿನ ಇನ್ನೊಂದು ಮುಖವನ್ನೂ ನೋಡಿ. ಈಗಿನ ಫೋನುಗಳು ಚಿತ್ರದ ಒಳಗೇ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಬರೆದಿಡುತ್ತವೆ. ಜೀಬ್ರಾದ ಎಣಿಕೆಗೆ ನೆರವಾದದ್ದು ಅದೇ. ಖಡ್ಗಮೃಗದ ಚಿತ್ರವನ್ನು ಅದೇ ಗುರುತಿನೊಂದಿಗೆ ಹಂಚಿಕೊಂಡರೆ ಕೊಂಬಿಗಾಗಿ ಕೊಲ್ಲುವವನಿಗೆ ದಾರಿ ತೋರಿಸಿದ ಹಾಗೆ. ದಕ್ಷಿಣ ಆಫ್ರಿಕಾದ ಕಾಡುಗಳಲ್ಲಿ ಈ ಗುರುತನ್ನು ಬಂದ್ ಮಾಡಿಕೊಳ್ಳಿ ಎಂದು ಪ್ರವಾಸಿಗರಿಗೆ ಫಲಕ ಹಾಕಿ ಕೇಳಿಕೊಂಡದ್ದುಂಟು. ಹಾಗಾಗಿ ಎಷ್ಟು ಎಂಬ ಪ್ರಶ್ನೆಯನ್ನು ಯಾರಿಗಾಗಿ, ಯಾರ ಕೈಗೆ ಎಂಬ ಪ್ರಶ್ನೆಯಿಂದ ಬಿಡಿಸಿ ಕೇಳಲು ಬರುವುದಿಲ್ಲ.

ಚಾರ್ಜಿನ ವಿಷಯದಲ್ಲೂ ಇದೇ ಪ್ರಶ್ನೆ ಏಳುತ್ತದೆ. ಕ್ಯಾಂಪಿನ ಕರೆಂಟು ನಮ್ಮೊಬ್ಬರದೇ ಅಲ್ಲ. ಕೀನ್ಯಾದಲ್ಲಿ 2007ರಲ್ಲಿ ಎಂ-ಪೆಸಾ ಶುರುವಾದಾಗಿನಿಂದ ಫೋನೇ ಜನರ ಪಾಕೀಟು. ನಮ್ಮಲ್ಲಿ ಯುಪಿಐ ಬರುವುದಕ್ಕೆ ಒಂಬತ್ತು ವರ್ಷ ಮೊದಲೇ ಅಲ್ಲಿಯವರು ಸಾದಾ ಕೀಪ್ಯಾಡ್ ಫೋನಿನಲ್ಲಿ ಹಣ ಕಳಿಸುತ್ತಿದ್ದರು. ಸಂಬಳ, ಮನೆಗೆ ಕಳಿಸುವ ದುಡ್ಡು, ಮಕ್ಕಳ ಶಾಲೆಯ ಫೀಸು, ಎಲ್ಲ ಅದರಲ್ಲೇ. ಮನೆಗೆ ಲೈನ್ ಇಲ್ಲದ ಹಳ್ಳಿಗಳಲ್ಲಿ ಚಿಲ್ಲರೆ ಕಾಸಿಗೆ ಫೋನ್ ಚಾರ್ಜ್ ಮಾಡಿಕೊಡುವ ಅಂಗಡಿಗಳಿವೆ. ನಾವು ಉಳಿದಿದ್ದ ಕ್ಯಾಂಪಿನಲ್ಲಿ ಸಂಜೆ ಜನರೇಟರ್ ಶುರುವಾದ ಕೂಡಲೇ ಊಟದ ಟೆಂಟಿನ ಎಕ್ಸ್‌ಟೆನ್ಷನ್ ಬೋರ್ಡು ಪುಣೆಯ ಬ್ಯಾಟರಿಗಳಿಂದ ತುಂಬಿಹೋಗುತ್ತಿತ್ತು. ಬಡಿಸುವ ಹುಡುಗ ತನ್ನ ಫೋನ್ ಹಿಡಿದು ದೂರ ನಿಂತಿರುತ್ತಿದ್ದ. ಕೇಳುವುದು ಅವನ ಕೆಲಸದ ಮರ್ಯಾದೆಯೊಳಗೆ ಇರಲಿಲ್ಲ. ಎರಡನೆಯ ದಿನ ಇದನ್ನು ಗಮನಿಸಿದ್ದು ನಮ್ಮ ಗುಂಪಿನ ಹಿರಿಯರೊಬ್ಬರು, ಹುಬ್ಬಳ್ಳಿ ಕಡೆಯವರು. ನಾಲ್ಕು ಬ್ಯಾಟರಿ ಹಚ್ಚಿದ್ದ ಹುಡುಗನಿಗೆ ಅಂದರು: "ತಮ್ಮಾ, ನಿಂದೊಂದು ತಗದ್ ಇಡು, ಅವಂದ್ ಫೋನ್ ಹಚ್ಚೋಣು. ನಿಂದು ಚಿತ್ರದ ಡಬ್ಬಿ, ಅವಂದು ರೊಕ್ಕದ ಪಾಕೀಟು." ಹುಡುಗ ನಕ್ಕು ಒಂದನ್ನು ತೆಗೆದ. ಮಾರನೆಯ ದಿನ ಅವನಿಗೆ ಚಿತ್ರ ಕಡಿಮೆಯಾದಂತೇನೂ ಕಾಣಲಿಲ್ಲ.

ಇನ್ನೊಂದು ವಾದ ಉಳಿದಿದೆ, ಎಲ್ಲಕ್ಕಿಂತ ಆಳದ್ದು. ಎಲ್ಲವನ್ನೂ ಇಟ್ಟುಕೊಳ್ಳುವುದು ದುರಾಸೆಯಲ್ಲ, ಮರೆವಿನ ಭಯ. ಊರು ಬಿಟ್ಟು ಬಂದ ನಮಗೆ ಈ ಭಯ ಚೆನ್ನಾಗಿ ಗೊತ್ತು. ಊರಿಗೆ ಹೋದಾಗ ಅಂಗಳ, ಬಾವಿ, ಬಚ್ಚಲೊಲೆ, ಅಡುಗೆಮನೆಯ ಕಿಟಕಿ ಎಲ್ಲದರ ಫೋಟೋ ತೆಗೆದುಕೊಂಡು ಬರುತ್ತೇವೆ. ಮುಂದಿನ ಸಲ ಹೋಗುವಷ್ಟರಲ್ಲಿ ಯಾವುದು ಇರುತ್ತದೋ ಯಾವುದು ಇಲ್ಲವೋ. ನಮ್ಮ ಮನೆಯಲ್ಲಿ ಅಜ್ಜಿಯ ಒಂದೇ ಒಂದು ಫೋಟೋ ಇದೆ. ಯಾರದೋ ಮದುವೆಗೆ ಬಂದ ಫೋಟೋಗ್ರಾಫರ್ ಉಳಿದ ಒಂದು ಫಿಲಮಿನಲ್ಲಿ ತೆಗೆದದ್ದು. ಒಂದೇ ಇರುವುದರಿಂದ ಅದನ್ನು ಎಲ್ಲರೂ ಎಷ್ಟೋ ಸಲ ನೋಡಿದ್ದೇವೆ, ಸೀರೆಯ ಅಂಚು ಕೂಡ ಬಾಯಿಪಾಠ. ಒಂದೇ ಸಾಕು ಎಂದು ಮಾತ್ರ ನಾನು ಹೇಳುವುದಿಲ್ಲ. ಇನ್ನೊಂದು ಇದ್ದಿದ್ದರೆ, ನಗುತ್ತಿರುವುದು, ಎಂದು ಪ್ರತಿ ಸಲ ಅನಿಸುತ್ತದೆ. ಆದ್ದರಿಂದ ಬ್ಯಾಟರಿ, ಕಾರ್ಡು ಹೊತ್ತುಕೊಂಡು ಹೋಗುವವರನ್ನು ಹಂಗಿಸುವ ಅಧಿಕಾರ ನನಗಿಲ್ಲ.

ಆದರೆ ಹನ್ನೆರಡು ಸಾವಿರ ಆ ಭಯಕ್ಕೆ ಮದ್ದೇ ಎಂಬುದು ಬೇರೆ ಪ್ರಶ್ನೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಕೆಲವರನ್ನು ಒಂದು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು, ಕೆಲವು ವಸ್ತುಗಳ ಫೋಟೋ ತೆಗೆಯಲು, ಕೆಲವನ್ನು ಸುಮ್ಮನೆ ನೋಡಲು ಹೇಳಿದರು. ಮರುದಿನ ವಿಚಾರಿಸಿದಾಗ ಫೋಟೋ ತೆಗೆದವುಗಳ ನೆನಪು ನೋಡಿದವುಗಳಿಗಿಂತ ಕಡಿಮೆ ಇತ್ತು. ಯಂತ್ರ ಇಟ್ಟುಕೊಂಡಿದೆ ಎಂದು ಗೊತ್ತಾದ ಮೇಲೆ ಮನಸ್ಸು ಇಟ್ಟುಕೊಳ್ಳುವ ಕಷ್ಟ ತೆಗೆದುಕೊಳ್ಳುವುದಿಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಶವಿದೆ: ವಸ್ತುವಿನ ಒಂದು ಭಾಗವನ್ನು ಆರಿಸಿ ಹತ್ತಿರ ತಂದು ಫೋಟೋ ತೆಗೆದವರಲ್ಲಿ ಈ ಮರೆವು ಕಾಣಲಿಲ್ಲ. ತೊಂದರೆ ಕ್ಯಾಮೆರಾದಲ್ಲಿಲ್ಲ, ಆರಿಸದೆ ಇರುವುದರಲ್ಲಿದೆ. ಆರಿಸಬೇಕಾದರೆ ನೋಡಬೇಕು, ನೋಡಿದ್ದು ಉಳಿಯುತ್ತದೆ.

ಇಷ್ಟರಿಂದ ಒಂದು ರೂಢಿ ಹೊಳೆಯುತ್ತದೆ. ಇದಕ್ಕೆ ವೈರಾಗ್ಯವೇನೂ ಬೇಡ. ರಾತ್ರಿ ನಕಲು ಮಾಡುವಾಗ, ಆ ದಿನದ ಎರಡು ಸಾವಿರದಲ್ಲಿ ಹತ್ತನ್ನು ಗುರುತು ಹಾಕಿಟ್ಟುಕೊಳ್ಳುವುದು. ಕಾರ್ಡಿನಿಂದ ಅಳಿಸುವ ಕೆಲಸವನ್ನು ಆಯಾಸದ ಕಣ್ಣಿನಲ್ಲಿ ಅಲ್ಲಿ ಮಾಡಬಾರದು, ಆರಿಸುವ ಕೆಲಸವನ್ನು ಅಲ್ಲೇ ಮಾಡಬೇಕು. ನೋಡಿದ್ದು ಇನ್ನೂ ಕಣ್ಣಲ್ಲಿರುವಾಗ, ಪಕ್ಕದಲ್ಲಿದ್ದವರು "ಇದಲ್ಲ, ಅದು" ಎಂದು ಜಗಳವಾಡುವಾಗ. ಆರು ದಿನಕ್ಕೆ ಅರವತ್ತು ಚಿತ್ರ. ಊರಲ್ಲಿರುವ ಅಮ್ಮನಿಗೆ ತೋರಿಸಲು, ಮಕ್ಕಳಿಗೆ ದೊಡ್ಡವರಾದ ಮೇಲೆ ಕೊಡಲು ಅಷ್ಟು ಬೇಕಾದಷ್ಟಾಯಿತು. ಉಳಿದವು ಇದ್ದರೆ ಇರಲಿ. ಹತ್ತನ್ನು ಆರಿಸುವ ಅಭ್ಯಾಸವಾದವನಿಗೆ ಮರುದಿನ ಗಾಡಿಯಲ್ಲಿ ಕೂತಾಗಲೇ ಗೊತ್ತಾಗತೊಡಗುತ್ತದೆ, ಇದು ನಿನ್ನೆಯೇ ಬಂದಿದೆ, ಇನ್ನು ಹೊರಡಬಹುದು ಎಂದು. ಸಂಜೆಯ ಆಯ್ಕೆ ಬೆಳಗಿನ ನಡತೆಯನ್ನು ತಿದ್ದುತ್ತದೆ.

ಕಾನೂನು ಈ ಕೆಲಸ ಮಾಡಲಾರದೇ? ಸ್ವಲ್ಪ ಮಾಡುತ್ತದೆ. ನಮ್ಮ ಮಹಾರಾಷ್ಟ್ರದ ತಡೋಬಾದಲ್ಲಿ ಸಫಾರಿಗೆ ಮೊಬೈಲ್ ಒಯ್ಯುವಂತಿಲ್ಲ. ಮಾರಾದಲ್ಲಿ ಒಂದು ಪ್ರಾಣಿಯ ಸುತ್ತ ಐದಕ್ಕಿಂತ ಹೆಚ್ಚು ಗಾಡಿ ನಿಲ್ಲಬಾರದೆಂಬ ನಿಯಮವಿದೆ. ನಿಯಮ ಬೇಕು, ಅದನ್ನು ಪಾಲಿಸಬೇಕು. ಆದರೆ ಸಾವಿರದೈನೂರು ಚದರ ಕಿಲೋಮೀಟರಿನ ಹುಲ್ಲುಗಾವಲಿನಲ್ಲಿ ಪ್ರತಿ ಚೀತಾದ ಪಕ್ಕ ಒಬ್ಬ ಪೊಲೀಸ್ ನಿಲ್ಲಲಾರ. ಅಲ್ಲಿ ನಿಯಮ ನೆನಪಿಸಬೇಕಾದವನು ಗಾಡಿ ಓಡಿಸುವ ಗೈಡ್. ಅವನ ಸ್ಥಿತಿ ನೋಡಿ. ಅವನಿಗೆ ಪ್ರಾಣಿಯ ಭಾಷೆ ನಮಗಿಂತ ಚೆನ್ನಾಗಿ ಗೊತ್ತು, ಚೀತಾ ಕಿವಿ ಹಿಂದಕ್ಕೆ ಹಾಕಿದರೆ ಹೊರಡಬೇಕೆಂದು ಗೊತ್ತು. ಆದರೆ ಅವನ ಮನೆ ನಡೆಯುವುದರಲ್ಲಿ ನಾವು ಕೊನೆಯ ದಿನ ಕೊಡುವ ಟಿಪ್ಸಿನ ಪಾಲಿದೆ. ನಾವು ಹೋಗಿ ಬರೆಯುವ ನಾಲ್ಕು ಸಾಲಿನ ಮೇಲೆ ಅವನ ಮುಂದಿನ ಸೀಸನ್ ನಿಂತಿದೆ. "ಇನ್ನೈದು ನಿಮಿಷ" ಎಂದು ಹಿಂದಿನ ಸೀಟಿನಿಂದ ಹೇಳಿದವರಿಗೆ ಅವನು ಆಗುವುದಿಲ್ಲ ಎನ್ನಲಾರ. ಹೇಳಿದರೆ ಒಳ್ಳೆಯವನು ನಿಜ, ಆದರೆ ಆ ಒಳ್ಳೆಯತನದ ಬೆಲೆಯನ್ನು ಅವನೇ ಕೊಡಬೇಕು. ಹಣ ಕೊಟ್ಟು ಕೂತ ನಮಗೆ ಅದೇ ಮಾತು ಹೇಳಲು ಏನೂ ಖರ್ಚಿಲ್ಲ.

ಹಾಗಾಗಿ ಹೊರಡುವವರು ಫೋನ್ ಮಾಡಿದಾಗ ಅಡಾಪ್ಟರ್, ಪವರ್ ಬ್ಯಾಂಕ್, ಎಸ್‌ಎಸ್‌ಡಿಗಳ ಪಟ್ಟಿಯನ್ನು ಸಂತೋಷವಾಗಿಯೇ ಕೊಡುತ್ತೇನೆ. ಜೊತೆಗೆ ತೂಕವಿಲ್ಲದ, ಚಾರ್ಜು ಬೇಡದ ಇನ್ನೊಂದನ್ನೂ ಸೇರಿಸುತ್ತೇನೆ. ಸ್ವಾಹಿಲಿಯಲ್ಲಿ ಪ್ರವಾಸಿಗರೆಲ್ಲ ಕಲಿತುಬರುವ ಮಾತು ಮೂರು: ಜಾಂಬೊ, ಅಸಾಂತೆ, ಹಕುನಾ ಮಟಾಟಾ. ನಮಸ್ಕಾರ, ಧನ್ಯವಾದ, ಚಿಂತೆಯಿಲ್ಲ. ಹೋಗುವ ಮೊದಲು ನಾಲ್ಕನೆಯದನ್ನೂ ಕಲಿಯಿರಿ: ಇನತೋಶಾ. ಸಾಕು ಎಂದು ಅರ್ಥ. ಮುಂದಿನ ಸೀಟಿನಲ್ಲಿರುವವನಿಗೆ ಗೊತ್ತಿದ್ದೂ ಹೇಳಲಾಗದ ಮಾತು ಅದು. ಹಿಂದಿನ ಸೀಟಿನಿಂದಲೇ ಬರಬೇಕು.